ಏಕಸದಸ್ಯ ಸಮಿತಿಯ ವಿಶ್ರಾಂತಿ

ಆ ವಿಮಾನಯಾನ ಸಂಸ್ಥೆಯಲ್ಲಿ ದಣಿವು ಎಂಬುದು ಇರಲಿಲ್ಲ. ಇದು ಯಾರದೋ ಅಭಿಪ್ರಾಯವಲ್ಲ, ಆಡಳಿತ ಮಂಡಳಿ ಸರ್ವಾನುಮತದಿಂದ ಅಂಗೀಕರಿಸಿದ ನಿರ್ಣಯ. ನಿರ್ಣಯಕ್ಕೆ ಚೌಕಟ್ಟು ಹಾಕಿಸಿ ಪೈಲಟ್‌ಗಳು ಕೂರುವ ಕೋಣೆಯ ಗೋಡೆಗೆ ತೂಗುಹಾಕಿದ್ದರು. ಅದರ ಕೆಳಗಿದ್ದ ಸೋಫಾ ನಿರ್ಣಯಕ್ಕೆ ವಿರುದ್ಧವಾಗಿ ಕಾಣುತ್ತಿದ್ದುದರಿಂದ ಅದನ್ನು ಅಂದೇ ತೆಗೆಸಿದ್ದರು.

ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟ ಮೇಲೂ ಪೈಲಟ್‌ಗಳು ಒಬ್ಬರ ಹಿಂದೊಬ್ಬರು ಕಾರ್ಮಿಕ ಸಂಘಕ್ಕೆ ಸೇರುತ್ತಿದ್ದರು. ಯಾಕೆಂದು ಆಡಳಿತ ವರ್ಗಕ್ಕೆ ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೆಲ್ಲ ಸಮಿತಿ ನೇಮಿಸುವುದು ಸಂಸ್ಥೆಯ ರೂಢಿಯಾದ್ದರಿಂದ ‘ಸಂಘ ಸೇರ್ಪಡೆ ಕಾರಣಗಳ ಪತ್ತೆ ಸಮಿತಿ’ ಹುಟ್ಟಿಕೊಂಡಿತು. ಸಮಿತಿಯ ಅಧ್ಯಕ್ಷರು ಪೈಲಟ್ ಆಗಿರತಕ್ಕದ್ದು, ಆದರೆ ಸಂಘದ ಸದಸ್ಯರಾಗಿರತಕ್ಕದ್ದಲ್ಲ ಎಂದು ನಿಯಮವಿತ್ತು. ಹಾಗೆ ಸೋಸಿ ನೋಡಿದಾಗ ಜಾಲರಿಯ ಮೇಲೆ ಉಳಿದವರು ಒಬ್ಬರೇ.

ಅವರನ್ನು ಎಲ್ಲರೂ ಕರೆಯುತ್ತಿದ್ದುದು ‘ಆಗಲಿ ಕ್ಯಾಪ್ಟನ್’ ಎಂದು. ಮೇಲಿನವರು ಏನು ಹೇಳಿದರೂ ಅವರ ಬಾಯಿಂದ ಬರುತ್ತಿದ್ದುದು ಅದೊಂದೇ ಮಾತು. ರಜೆಯ ದಿನ ಕರೆದರೆ ಆಗಲಿ, ಮುಂಜಾನೆ ಬಂದಿಳಿದವರನ್ನು ಮಧ್ಯಾಹ್ನ ಮತ್ತೆ ಹಾರಿಸಿದರೆ ಆಗಲಿ. ಅವರು ಹೆದರುಪುಕ್ಕಲರೇನಲ್ಲ. ಗುಡುಗು ಮಿಂಚಿನ ನಡುವೆ ವಿಮಾನವನ್ನು ಹೂವಿನಂತೆ ಇಳಿಸಿದವರು. ಆದರೆ ಮೇಜಿನ ಆಚೆ ಕೂತವರನ್ನು ಕಂಡರೆ ಅವರ ನಾಲಿಗೆ ತಾನಾಗಿಯೇ ಮಡಚಿಕೊಳ್ಳುತ್ತಿತ್ತು. ಅಲ್ಲದೆ ಮುಖ್ಯ ತರಬೇತುದಾರರ ಹುದ್ದೆ ಬಹಳ ವರ್ಷಗಳಿಂದ ಖಾಲಿಯಿತ್ತು. ‘ನಿಮ್ಮ ಹೆಸರೇ ಮೇಲಿದೆ’ ಎಂದು ಅಷ್ಟೇ ವರ್ಷಗಳಿಂದ ಅವರಿಗೆ ಹೇಳುತ್ತಿದ್ದರು.

ಸಿಬ್ಬಂದಿ ಕಲ್ಯಾಣಾಧಿಕಾರಿ ಅವರನ್ನು ಕರೆಸಿ ಕೂರಿಸಿದರು. ಈ ಅಧಿಕಾರಿ ಸದಾ ನಗುಮುಖದ ಹೆಂಗಸು. ಕೆಲಸದಿಂದ ತೆಗೆಯುವ ಸುದ್ದಿಯನ್ನೂ ಹುಟ್ಟುಹಬ್ಬದ ಶುಭಾಶಯದ ದನಿಯಲ್ಲೇ ಹೇಳುತ್ತಿದ್ದರು.

“ಸಾರ್, ಸಮಿತಿ ಅಂದ್ರೆ ನೀವೊಬ್ಬರೇ. ಹಾಗಾಗಿ ಭಿನ್ನಾಭಿಪ್ರಾಯದ ತೊಂದರೆ ಇರೋದಿಲ್ಲ. ಪೈಲಟ್‌ಗಳನ್ನ ಒಬ್ಬೊಬ್ಬರನ್ನಾಗಿ ಕರೆದು ಯಾಕೆ ಸಂಘ ಸೇರಿದ್ರಿ ಅಂತ ಕೇಳಿ. ದಣಿವು, ಸಂಬಳ, ಪಾಳಿ, ರಜೆ, ಸುರಕ್ಷತೆ, ಇವು ಕಾರಣಗಳಲ್ಲ ಅಂತ ಆಡಳಿತ ಮಂಡಳಿ ಆಗಲೇ ತೀರ್ಮಾನ ಮಾಡಿದೆ. ಅವನ್ನ ಬಿಟ್ಟು ನಿಜವಾದ ಕಾರಣ ಹುಡುಕಿ ಕೊಡಿ.”

“ಆಗಲಿ ಮೇಡಂ. ವಿಚಾರಣೆ ಯಾವಾಗ ಮಾಡ್ಲಿ? ವಾರಪೂರ್ತಿ ಹಾರಾಟ ಹಾಕಿದೀರಲ್ಲ.”

“ಹಾರಾಟ ಮುಗಿಸಿ ಬಂದ ಮೇಲೆ. ಅದಕ್ಕೂ ಆದೇಶ ಆಗಿದೆ, ಕೇಳಿ.” ಅವರು ಕನ್ನಡಕ ಏರಿಸಿ ಓದಿದರು: “ವಿಚಾರಣೆಯು ಕುಳಿತು ನಡೆಸುವ ಕಾರ್ಯವಾಗಿರುತ್ತದೆ. ಕುಳಿತುಕೊಳ್ಳುವುದು ವಿಶ್ರಾಂತಿಯಾಗಿರುತ್ತದೆ. ಆದ್ದರಿಂದ ಸಮಿತಿಯ ಕಲಾಪದ ಅವಧಿಯನ್ನು ಅಧ್ಯಕ್ಷರ ವಿಶ್ರಾಂತಿಯ ಲೆಕ್ಕಕ್ಕೆ ಸೇರಿಸತಕ್ಕದ್ದು.”

ಕ್ಯಾಪ್ಟನ್ ಸ್ವಲ್ಪ ಯೋಚಿಸಿದರು. “ವಿಮಾನಾನೂ ನಾವು ಕೂತೇ ಓಡಿಸ್ತೀವಲ್ಲ ಮೇಡಂ?”

ಅಧಿಕಾರಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಅದೂ ಪರಿಶೀಲನೆಯಲ್ಲಿದೆ. ದಯವಿಟ್ಟು ಹೊರಗೆ ಹೇಳ್ಬೇಡಿ.”

ಸಮಿತಿಗೆ ಕಚೇರಿಯಾಗಿ ಸಿಕ್ಕಿದ್ದು ಪ್ರಯಾಣಿಕರು ಮರೆತು ಹೋದ ಸಾಮಾನು ಇಡುವ ಕೋಣೆ. ಕೊಡೆಗಳು, ಒಂಟಿ ಚಪ್ಪಲಿಗಳು, ಒಂದು ಮಕ್ಕಳ ಮೂರು ಗಾಲಿ ಸೈಕಲ್ಲು, ಚಕ್ರ ಮುರಿದ ಸೂಟ್‌ಕೇಸುಗಳ ರಾಶಿ. ಅದರ ನಡುವೆ ಎದುರುಬದುರಾಗಿ ಎರಡು ಕಬ್ಬಿಣದ ಕುರ್ಚಿಗಳು.

ಮೊದಲ ಸಾಕ್ಷಿಯಾಗಿ ಬಂದವರು ಸಂಘದ ಕಾರ್ಯದರ್ಶಿ. ಅವರೂ ಕ್ಯಾಪ್ಟನ್ನೇ, ಇವರ ಜೊತೆಗೇ ವಿಮಾನ ಕಲಿತವರು. ಆಗ ಇಬ್ಬರೂ ಒಂದೇ ಕೋಣೆಯಲ್ಲಿದ್ದು ಒಂದೇ ಇಸ್ತ್ರಿಪೆಟ್ಟಿಗೆಗೆ ಜಗಳವಾಡಿದ್ದರು. ಈಗ ಕಾರ್ಯದರ್ಶಿಯ ತಲೆ ಬೋಳಾಗಿತ್ತು, ಇವರದು ನರೆತಿತ್ತು.

“ಯಾಕೋ ಸೇರಿದೆ?” ಎಂದರು ಸಮಿತಿಯ ಅಧ್ಯಕ್ಷರು.

“ಅಮ್ಮ ತೀರಿಕೊಂಡಾಗ ರಜೆ ಕೇಳಿದ್ದೆ. ಮುಂಚಿತವಾಗಿ ತಿಳಿಸಿಲ್ಲ ಅಂತ ವಾಪಸ್ ಕಳಿಸಿದ್ರು.”

“ಮುಂಚಿತವಾಗಿ ಯಾಕೆ ತಿಳಿಸಲಿಲ್ಲ?”

ಕೇಳಿದ ಮೇಲೆ ಆ ಪ್ರಶ್ನೆ ಅವರ ಕಿವಿಗೇ ಬಿತ್ತು. ಅವರು ಪಕ್ಕದಲ್ಲಿದ್ದ ಕೊಡೆಯೊಂದನ್ನು ಸುಮ್ಮನೆ ನೇರ ಮಾಡಿ ಇಟ್ಟರು.

“ಅಮ್ಮನೂ ನಂಗೆ ಮುಂಚಿತವಾಗಿ ತಿಳಿಸಲಿಲ್ಲ ಕಣೋ,” ಎಂದರು ಕಾರ್ಯದರ್ಶಿ, ಕೋಪವಿಲ್ಲದೆ. “ಅವತ್ತು ಮಧ್ಯಾಹ್ನ ಹಾರಾಟ ಮುಗಿಸಿ, ಸಮವಸ್ತ್ರದಲ್ಲೇ ಹೋದೆ. ಅಷ್ಟು ಹೊತ್ತಿಗೆ ಎಲ್ಲಾ ಮುಗಿದಿತ್ತು. ಮಾರನೇ ದಿನ ಸಂಘಕ್ಕೆ ಸೇರಿದೆ.”

ರಜೆ ಕಾರಣವಲ್ಲ. ಆದ್ದರಿಂದ ಅಧ್ಯಕ್ಷರು ‘ಕೌಟುಂಬಿಕ ಒಲವು’ ಎಂದು ಬರೆದುಕೊಂಡರು. ಬರೆಯುವಾಗ ಅಕ್ಷರ ಎಂದಿನಷ್ಟು ದುಂಡಗೆ ಬರಲಿಲ್ಲ.

ಮುಂದೆ ಬಂದವಳು ಸಹಪೈಲಟ್. ಆಗಾಗ ಅವರ ಪಕ್ಕದ ಆಸನದಲ್ಲೇ ಕೂರುವ, ಮಗಳ ವಯಸ್ಸಿನ ಚುರುಕು ಹುಡುಗಿ.

“ನಿದ್ದೆ ಸಾರ್,” ಎಂದಳು ಕೂರುವ ಮೊದಲೇ.

“ಅದು ದಣಿವಿನ ಕೆಳಗೆ ಬರುತ್ತಮ್ಮ. ಬರೆಯೋ ಹಾಗಿಲ್ಲ.”

“ಹಾಗಾದ್ರೆ ಏನು ಬರೀಬಹುದೋ ನೀವೇ ಹೇಳಿ. ಸಂಘದ ಕೋಣೇಲಿ ಒಂದು ಒರಗುಕುರ್ಚಿ ಇದೆ, ಕಾಲು ಚಾಚಿಕೊಳ್ಳಬಹುದು. ಅದು ನಡೆಯುತ್ತಾ?”

ಅಧ್ಯಕ್ಷರು ನಿಯಮಗಳನ್ನು ಮೇಲಿಂದ ಕೆಳಗೆ ನೋಡಿದರು. ಕುರ್ಚಿಯ ಮೇಲೆ ನಿಷೇಧವಿರಲಿಲ್ಲ. “ನಡೆಯುತ್ತೆ,” ಎಂದು ಬರೆದುಕೊಂಡರು.

ಕುರ್ಚಿ ನಡೆಯುತ್ತದೆ ಎಂಬ ಸುದ್ದಿ ವಿಮಾನಕ್ಕಿಂತ ವೇಗವಾಗಿ ಹರಡಿತು. ಆಮೇಲೆ ಬಂದ ಸಾಕ್ಷಿಗಳೆಲ್ಲ ಬಾಗಿಲಲ್ಲೇ ನಿಂತು “ಕುರ್ಚಿ ಸಾರ್” ಎಂದು ಹೇಳಿ ಮನೆಗೆ ಹೋದರು. ಆದರೆ ಪ್ರತಿಯೊಬ್ಬರನ್ನೂ ನಿಗದಿತ ಅವಧಿ ವಿಚಾರಿಸಲೇಬೇಕೆಂದು ಆದೇಶವಿದ್ದುದರಿಂದ, ಅವರು ಹೋದ ಮೇಲೂ ಅಧ್ಯಕ್ಷರು ಖಾಲಿ ಕುರ್ಚಿಯನ್ನು ವಿಚಾರಿಸುತ್ತ ಕೂತಿರುತ್ತಿದ್ದರು.

ಮಧ್ಯಂತರ ವರದಿ ಓದಿ ಆಡಳಿತ ವರ್ಗ ಹಿಗ್ಗಿತು. ಸಮಸ್ಯೆ ಕೊನೆಗೂ ಪೀಠೋಪಕರಣದ ಮಟ್ಟಕ್ಕೆ ಇಳಿದಿತ್ತು. ಸಂಘದ್ದಕ್ಕಿಂತ ಉತ್ತಮವಾದ, ಗುಂಡಿ ಒತ್ತಿದರೆ ಬೆನ್ನು ನೀವುವ ಒಂದು ಕುರ್ಚಿಯನ್ನು ತರಿಸಿ ಕಾರ್ಯಾಚರಣೆ ಮುಖ್ಯಸ್ಥರ ಕೊಠಡಿಯಲ್ಲಿ ಹಾಕಿದರು. ‘ಪೈಲಟ್‌ಗಳು ಕಚೇರಿ ವೇಳೆಯಲ್ಲಿ ಬಂದು ಇದನ್ನು ನೋಡಬಹುದು’ ಎಂದು ಪ್ರಕಟಣೆ ಹೊರಡಿಸಿದರು. ಕೆಲವರು ಹೋಗಿ ನೋಡಿದರು. ಅದರ ಮೇಲೆ ಮುಖ್ಯಸ್ಥರು ಮಲಗಿದ್ದರು.

ಇತ್ತ ಆಗಲಿ ಕ್ಯಾಪ್ಟನ್‌ರ ವಿಶ್ರಾಂತಿ ದಿನದಿನಕ್ಕೂ ಹೆಚ್ಚುತ್ತ ಹೋಯಿತು. ಮುಂಜಾನೆ ಹಾರಾಟ, ಮಧ್ಯಾಹ್ನ ವಿಚಾರಣೆ, ಸಂಜೆಯಿಂದ ಬೆಳಗಿನವರೆಗೆ ವಿಚಾರಣೆಯ ವರದಿ. ಸಂಸ್ಥೆಯ ಲೆಕ್ಕದಲ್ಲಿ ಅವರಷ್ಟು ವಿಶ್ರಾಂತಿ ಪಡೆದ ಪೈಲಟ್ ಇನ್ನೊಬ್ಬರಿರಲಿಲ್ಲ. ಮನೆಗೆ ಬಂದವರು ಶೂ ಬಿಚ್ಚುವುದನ್ನು ಮರೆತು ಊಟಕ್ಕೆ ಕೂರುತ್ತಿದ್ದರು. ಒಂದು ನಡುರಾತ್ರಿ ಫ್ರಿಜ್‌ನ ಬಾಗಿಲು ತೆಗೆದು, ಒಳಗಿನ ಬೆಳಕನ್ನೇ ನೋಡುತ್ತ ನಿಂತುಬಿಟ್ಟರು.

“ಏನು ಹುಡುಕ್ತಿದೀರಿ?” ಎಂದರು ಹೆಂಡತಿ. ಅವರು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವರು. ಉತ್ತರ ಬರುವವರೆಗೆ ಪ್ರಶ್ನೆ ಬಿಡುವ ಅಭ್ಯಾಸವಿಲ್ಲ.

“ಗೊತ್ತಿಲ್ಲ.”

“ರೀ, ನೀವು ಮಲಗಿ ಎಷ್ಟು ದಿನ ಆಯ್ತು?”

“ಮಲಗೋದು ಬೇರೆ, ವಿಶ್ರಾಂತಿ ಬೇರೆ,” ಎಂದರು ಕ್ಯಾಪ್ಟನ್. “ವಿಶ್ರಾಂತಿ ಚೆನ್ನಾಗೇ ಆಗ್ತಿದೆ.”

ಹೆಂಡತಿ ಬಾಗಿಲು ಮುಚ್ಚಿ, ಅವರ ಕೈ ಹಿಡಿದು ಮಂಚದವರೆಗೆ ನಡೆಸಿಕೊಂಡು ಹೋದರು. ಆದರೆ ಮರುದಿನ ಬೆಳಗಾಗುವ ಮೊದಲೇ ಗಾಡಿ ಬಂದು ಹಾರ್ನ್ ಹೊಡೆಯಿತು.

ಅಂದು ಆಕಾಶ ತಿಳಿಯಾಗಿತ್ತು. ಇಳಿಯಬೇಕಾದ ಊರು ಗಾಜಿನಾಚೆ ಬಿಡಿಸಿಟ್ಟ ಹಾಗೆ ಕಾಣುತ್ತಿತ್ತು. ಎಡ ರನ್‌ವೇ ಬಿಟ್ಟು ಬಲ ರನ್‌ವೇಗೆ ಇಳಿಯಿರಿ ಎಂದು ಕೆಳಗಿನ ನಿಯಂತ್ರಣ ಗೋಪುರದಿಂದ ಸೂಚನೆ ಬಂತು. ಕ್ಯಾಪ್ಟನ್ ಸ್ಪಷ್ಟವಾಗಿ ಒಪ್ಪಿಗೆ ಹೇಳಿದರು. ಹೇಳಿ, ವಿಮಾನವನ್ನು ಎಡ ರನ್‌ವೇಯ ಕಡೆಗೇ ಇಳಿಸುತ್ತ ಹೋದರು.

“ಸಾರ್, ಬಲಗಡೆದು,” ಎಂದಳು ಪಕ್ಕದಲ್ಲಿದ್ದ ಸಹಪೈಲಟ್.

ಆ ದನಿ ಅವರಿಗೆ ಕೇಳಿಸಿತು. ಆದರೆ ದಿಂಬಿನೊಳಗಿಂದ ಬಂದ ಹಾಗೆ, ಇನ್ನಾರನ್ನೋ ಕರೆದ ಹಾಗೆ ಕೇಳಿಸಿತು. ಎಡ ರನ್‌ವೇಯ ತುದಿಯಲ್ಲಿ ಇನ್ನೊಂದು ವಿಮಾನ ಹಾರಲು ಸಿದ್ಧವಾಗಿ ನಿಂತಿತ್ತು. ಅದರ ಬಾಲದ ಬಣ್ಣ ಚೆನ್ನಾಗಿದೆ ಎಂದುಕೊಂಡದ್ದು ಅವರಿಗೆ ನೆನಪಿದೆ.

“ಸಾರ್! ನಾನು ತಗೋತೀನಿ!”

ಹುಡುಗಿ ನಿಯಂತ್ರಣ ಕೈಗೆ ತೆಗೆದುಕೊಂಡು ವಿಮಾನವನ್ನು ಮೇಲಕ್ಕೆತ್ತಿದಳು. ನಿಂತ ವಿಮಾನದ ಬಾಲ ಇವರ ವಿಮಾನದ ಹೊಟ್ಟೆಯಡಿ ಜಾರಿ ಹೋಯಿತು. ಮತ್ತೊಂದು ಸುತ್ತು ಹೊಡೆದು ಅವಳೇ ಬಲ ರನ್‌ವೇಗೆ ಇಳಿಸಿದಳು. ಇಳಿದು ಹೋಗುವಾಗ ವಯಸ್ಸಾದ ಪ್ರಯಾಣಿಕರೊಬ್ಬರು ಬಾಗಿಲಲ್ಲಿ ನಿಂತು, “ಊರನ್ನ ಎರಡು ಸಲ ತೋರಿಸಿದ್ರಿ, ತುಂಬಾ ಸಂತೋಷ ಆಯ್ತು,” ಎಂದು ಕೈಮುಗಿದರು.

ಎಲ್ಲರೂ ಇಳಿದ ಮೇಲೂ ಕ್ಯಾಪ್ಟನ್ ಆಸನದಿಂದ ಏಳಲಿಲ್ಲ.

“ಎಷ್ಟು ಜನ ಇದ್ರು?” ಎಂದರು.

“ಭರ್ತಿ ಇತ್ತು ಸಾರ್.” ಅವಳು ತನ್ನ ಬೆಲ್ಟ್ ಬಿಚ್ಚಿದಳು. “ನಂಗೂ ಆಗಾಗ ಹೀಗಾಗುತ್ತೆ. ಇವತ್ತು ನನ್ನ ಸರದಿ ಅಲ್ಲ, ಅಷ್ಟೇ.”

ಮೊಟ್ಟಮೊದಲ ಬಾರಿಗೆ ಆಗಲಿ ಕ್ಯಾಪ್ಟನ್ ಯಾರೂ ಕರೆಯದೆ ಕಲ್ಯಾಣಾಧಿಕಾರಿಯ ಕೋಣೆಗೆ ಹೋದರು. ನಡೆದದ್ದನ್ನು ಒಂದೂ ಬಿಡದೆ ಹೇಳಿ, “ನಂಗೆ ದಣಿವಾಗಿದೆ ಮೇಡಂ, ನನ್ನನ್ನ ಹಾರಿಸ್ಬೇಡಿ” ಎಂದರು.

ಅಧಿಕಾರಿಯ ನಗು ಮಾಸಲಿಲ್ಲ. ದಣಿವು ಇಲ್ಲದ ಸಂಸ್ಥೆಯಲ್ಲಿ ಒಬ್ಬರಿಗೆ ಅದು ಆಗಿದೆಯೆಂದರೆ ಹೊರಗಿನಿಂದ ತಂದಿರಬೇಕು ಎಂದು ತಿಳಿಸಿದರು. ಎಲ್ಲಿಂದ ತಂದರು, ಯಾರ ಅನುಮತಿ ಪಡೆದು ತಂದರು ಎಂಬ ಬಗ್ಗೆ ವಿಚಾರಣೆ ನಿಗದಿಯಾಯಿತು. ಆರೋಪಿಯು ತಮ್ಮ ಪರವಾಗಿ ಮಾತನಾಡಲು ಸಂಘದ ಪದಾಧಿಕಾರಿಯೊಬ್ಬರನ್ನು ಇಲ್ಲವೇ ಮನೆಯವರನ್ನು ಕರೆತರಬಹುದಿತ್ತು. ಇವರು ಸಂಘದವರಲ್ಲವಾದ್ದರಿಂದ ಹೆಂಡತಿ ಶಾಲೆಗೆ ರಜೆ ಹಾಕಿ ಬಂದರು.

ಕಾರ್ಯಾಚರಣೆ ಮುಖ್ಯಸ್ಥರು ಬೆನ್ನು ನೀವುವ ಕುರ್ಚಿಯಿಂದಲೇ ವಿಚಾರಣೆ ನಡೆಸಿದರು. ಅವರ ದನಿ ಸ್ವಲ್ಪ ಕಂಪಿಸುತ್ತಿತ್ತು.

“ಇವರು ನಿದ್ದೆ ಮಾಡ್ತಿಲ್ಲ ಅಂತ ನೀವು ಹೇಳ್ತೀರಿ. ಅದನ್ನ ನೀವು ಕಣ್ಣಾರೆ ಕಂಡಿದ್ದೀರಾ?”

“ಕಂಡಿದೀನಿ. ರಾತ್ರಿಯೆಲ್ಲಾ ಎದ್ದು ಕೂತಿರ್ತಾರೆ.”

“ಅಂದ್ರೆ ನೀವೂ ರಾತ್ರಿಯೆಲ್ಲಾ ಎಚ್ಚರವಾಗಿದ್ರಿ?”

“ಹೌದು.”

“ಹಾಗಾದ್ರೆ ನಿದ್ದೆಗೆಟ್ಟವರ ಸಾಕ್ಷ್ಯ. ನಂಬೋಕಾಗಲ್ಲ.”

ಹೆಂಡತಿ ಸೀರೆಯ ಸೆರಗನ್ನು ಸರಿಮಾಡಿಕೊಂಡರು. ಹೀಗೆ ಸರಿಮಾಡಿಕೊಂಡರೆ ಶಾಲೆಯಲ್ಲಿ ಹಿಂದಿನ ಬೆಂಚಿನವರೆಗೂ ಸದ್ದು ನಿಲ್ಲುತ್ತಿತ್ತು. “ನಾನು ಮಲಗಿದ್ದೆ ಅಂದಿದ್ರೆ?”

“ಮಲಗಿದ್ದವರು ನೋಡಿರೋಕೆ ಸಾಧ್ಯ ಇಲ್ಲ. ಆಗಲೂ ನಂಬೋಕಾಗಲ್ಲ.”

“ಅಲ್ಲ ಸ್ವಾಮಿ, ಯಾವ ಉತ್ತರ ಕೊಟ್ರೂ ತಪ್ಪಾದ್ರೆ, ತಪ್ಪಿರೋದು ಪ್ರಶ್ನೇಲಿ. ನಮ್ಮ ಶಾಲೆ ಮಕ್ಕಳಿಗೆ ಇಂಥ ಪ್ರಶ್ನೆ ಬಂದ್ರೆ ಪೂರ್ತಿ ಅಂಕ ಕೊಡ್ತೀವಿ ನಾವು.”

ಕಲ್ಯಾಣಾಧಿಕಾರಿ ಇದನ್ನು ಮೆಚ್ಚಿ ತಲೆದೂಗಿದರು. ಆದರೆ ಅಂಕ ಕೊಡಲು ಅವಕಾಶವಿರಲಿಲ್ಲ. ತೀರ್ಪು ಹೀಗಿತ್ತು: ಕ್ಯಾಪ್ಟನ್‌ರು ಸಮಿತಿಯಲ್ಲಿ ಕೂತು ಕೂತು ಮಿತಿಮೀರಿ ವಿಶ್ರಾಂತಿ ಪಡೆದಿರುವುದರಿಂದ ಅವರ ಮೈಗೆ ಜಡತ್ವ ಬಂದಿರುತ್ತದೆ. ಪರಿಹಾರವಾಗಿ ಅವರಿಗೆ ಹೆಚ್ಚುವರಿ ಹಾರಾಟಗಳನ್ನು ನೀಡತಕ್ಕದ್ದು.

“ಸರಿ ತಾನೇ ಕ್ಯಾಪ್ಟನ್?” ಎಂದರು ಮುಖ್ಯಸ್ಥರು, ಎಂದಿನ ಉತ್ತರಕ್ಕೆ ಕಾಯುತ್ತ.

ಕ್ಯಾಪ್ಟನ್‌ರ ಬಾಯಿ ‘ಆ’ ಎಂದು ತೆರೆಯಿತು. ಕಿಟಕಿಯ ಗಾಜಿನಾಚೆ ನಿಂತ ವಿಮಾನವೊಂದರ ಬಣ್ಣದ ಬಾಲ ಕಾಣುತ್ತಿತ್ತು. “ಆಗಲ್ಲ ಸಾರ್,” ಎಂದರು.

ಕುರ್ಚಿಯ ಯಂತ್ರ ಮಾತ್ರ ಗುಂಯ್‌ಗುಡುತ್ತಿತ್ತು. ಕೊಠಡಿಯಿಂದ ಹೊರಗೆ ಬಂದವರು ಹೆಂಡತಿಯ ಜೊತೆ ನೇರ ಸಂಘದ ಕೋಣೆಗೆ ಹೋದರು. ಕಾರ್ಯದರ್ಶಿ ಗೆಳೆಯನ ಭುಜ ಹಿಡಿದು ಒರಗುಕುರ್ಚಿಯ ಮೇಲೆ ಕೂರಿಸಿ, “ಮೊದಲು ಕಾಲು ಚಾಚು, ಸಹಿ ಆಮೇಲೆ ಹಾಕುವಿಯಂತೆ” ಎಂದರು. ಹಾಗಾಗಿ ಸಂಘದ ಇತಿಹಾಸದಲ್ಲಿ ನಿದ್ದೆ ಮಾಡುತ್ತಲೇ ಸದಸ್ಯರಾದವರು ಅವರೊಬ್ಬರೇ.

ಸಮಿತಿಗೆ ಇದರಿಂದ ಸ್ವಲ್ಪ ತೊಡಕಾಯಿತು. ಹೊಸದಾಗಿ ಸಂಘ ಸೇರಿದ ಯಾವ ಪೈಲಟ್‌ನನ್ನೂ ವಿಚಾರಿಸದೆ ಬಿಡುವ ಹಾಗಿರಲಿಲ್ಲ. ಸಂಘದ ಸದಸ್ಯರು ಅಧ್ಯಕ್ಷರಾಗಿ ಮುಂದುವರಿಯುವ ಹಾಗೂ ಇರಲಿಲ್ಲ. ಕೊನೆಯ ಕಲಾಪಕ್ಕೆ ಮಾತ್ರ ವಿನಾಯಿತಿ ಸಿಕ್ಕಿತು. ಕ್ಯಾಪ್ಟನ್ ಮರೆತ ಸಾಮಾನಿನ ಕೋಣೆಗೆ ಹೋಗಿ, ಒಂದು ಕಬ್ಬಿಣದ ಕುರ್ಚಿಯಲ್ಲಿ ಕೂತು “ಯಾಕೆ ಸೇರಿದಿರಿ?” ಎಂದು ಕೇಳಿದರು. ಎದ್ದು, ಎದುರಿನ ಕುರ್ಚಿಯಲ್ಲಿ ಕೂತು ಯೋಚಿಸಿದರು. ಅಲ್ಲಿ ಕೂತಾಗ ಕಾರ್ಯದರ್ಶಿಯ ತಾಯಿ ನೆನಪಾದರು. ತರಬೇತಿಯ ದಿನಗಳಲ್ಲಿ ಮಗನಿಗೆ ತಿಂಡಿ ಕಳಿಸುವಾಗ ಇವರದನ್ನೂ ಬೇರೆ ಪೊಟ್ಟಣ ಕಟ್ಟಿ ಕಳಿಸುತ್ತಿದ್ದವರು. ಆಕೆ ಹೋದ ದಿನ ಇವರು ಹಾರಾಟದಲ್ಲಿದ್ದರು. ರಜೆ ಕೇಳಬಹುದೆಂಬುದೇ ಹೊಳೆದಿರಲಿಲ್ಲ. ಬಹಳ ಹೊತ್ತಿನ ಮೇಲೆ ಮತ್ತೆ ಮೊದಲ ಕುರ್ಚಿಗೆ ಬಂದು ಬರೆದರು. ‘ಕೌಟುಂಬಿಕ ಒಲವು’ ಎಂಬುದನ್ನು ಹೊಡೆದು ಹಾಕಿ ‘ತಾಯಿಯ ಸಾವು’ ಎಂದರು. ಕುರ್ಚಿ ಎಂದಿದ್ದ ಕಡೆಯಲ್ಲೆಲ್ಲ ‘ನಿದ್ದೆ’ ಎಂದರು. ತಮ್ಮ ಹೆಸರಿನ ಮುಂದೆ ‘ನಿಂತಿದ್ದ ವಿಮಾನ’ ಎಂದು ಬರೆದು ಸಹಿ ಹಾಕಿದರು.

ಆಡಳಿತ ಮಂಡಳಿ ವರದಿಯನ್ನು ಒಪ್ಪಲಿಲ್ಲ. ಮುಖ್ಯ ತರಬೇತುದಾರರ ಹುದ್ದೆಯನ್ನು, ವಿಮಾನ ಓಡಿಸಲು ಬಾರದ್ದರಿಂದ ಪೈಲಟ್‌ಗಳ ಸಂಘ ಸೇರುವ ಅಪಾಯವೇ ಇಲ್ಲದ ಒಬ್ಬ ಅಧಿಕಾರಿಗೆ ಕೊಟ್ಟಿತು.

ಅದಾದ ಮರುದಿನ ಪೈಲಟ್‌ಗಳೆಲ್ಲ ಸಮವಸ್ತ್ರ ತೊಟ್ಟು, ಹೊತ್ತಿಗೆ ಸರಿಯಾಗಿ ಬಂದು, ತಮಗೆ ದಣಿವಾಗಿದೆ ಎಂದು ವಿನಯದಿಂದ ತಿಳಿಸಿದರು. ದಣಿವು ಇಲ್ಲವಾದ್ದರಿಂದ ವಿಮಾನಗಳು ನಿಂತದ್ದಕ್ಕೆ ಕಾರಣವೂ ಇರಲಿಲ್ಲ. ನಿಲ್ದಾಣದ ಧ್ವನಿವರ್ಧಕದಲ್ಲಿ ಇಂಪಾದ ಪ್ರಕಟಣೆ ಕೇಳಿಬಂತು: “ಪ್ರಯಾಣಿಕರ ಗಮನಕ್ಕೆ. ಯಾವುದೇ ಕಾರಣವಿಲ್ಲದೆ ಎಲ್ಲ ವಿಮಾನಗಳೂ ತಡವಾಗಿವೆ. ಕಾರಣ ಕೇಳಿ ಸಿಬ್ಬಂದಿಗೆ ತೊಂದರೆ ಕೊಡಬಾರದೆಂದು ವಿನಂತಿ.” ಪ್ರಯಾಣಿಕರು ಕಾರಣ ಕೇಳಿದರು. ಸಾಮಾನು ತಳ್ಳುವ ಗಾಡಿಗಳನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ ಕೇಳಿದರು. ಸಂಜೆಯ ಹೊತ್ತಿಗೆ ಆಡಳಿತ ಮಂಡಳಿ ತುರ್ತುಸಭೆ ಸೇರಿ, ದಣಿವು ಇದೆ, ಆದರೆ ಅದು ಇಂದಿನಿಂದ ಆರಂಭವಾಗಿದೆ ಎಂದು ನಿರ್ಣಯಿಸಿತು.

ಸಂಘಕ್ಕೂ ಸಂಸ್ಥೆಗೂ ಒಪ್ಪಂದವಾಯಿತು. ದಣಿದಿದ್ದೇನೆ ಎಂದ ಪೈಲಟ್‌ನನ್ನು ಹಾರಿಸುವ ಹಾಗಿಲ್ಲ, ಮನೆಗೆ ಕಳಿಸತಕ್ಕದ್ದು. ಆದರೆ ಮನೆಗೆ ಹೋದವರು ನಿಜವಾಗಿ ಮಲಗಿದರೆಂಬುದಕ್ಕೆ ಸಂಸ್ಥೆಗೆ ಖಾತರಿ ಬೇಕಿತ್ತು. ಬಹಳ ಹೊತ್ತು ಹಗ್ಗಜಗ್ಗಾಟ ನಡೆದು, ಸಂಘ ಇದೊಂದು ಷರತ್ತಿಗೆ ಒಪ್ಪಿತು. ಹೀಗೆ ‘ನಿದ್ರಾ ವೀಕ್ಷಕ’ ಎಂಬ ಹೊಸ ಹುದ್ದೆ ಸೃಷ್ಟಿಯಾಯಿತು.

ಮೊದಲ ವೀಕ್ಷಕ ಬಂದದ್ದು ಆಗಲಿ ಕ್ಯಾಪ್ಟನ್‌ರ ಮನೆಗೆ. ಕುತ್ತಿಗೆಗೆ ಗುರುತಿನ ಚೀಟಿ ತೂಗುಹಾಕಿಕೊಂಡ, ಮಿತಭಾಷಿ ಮಧ್ಯವಯಸ್ಕ. ಹೊಸ್ತಿಲಾಚೆ ಶೂ ಬಿಚ್ಚಿಟ್ಟು, “ಸಾರ್ ಶುರು ಮಾಡಬಹುದು” ಎಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತ. ಕ್ಯಾಪ್ಟನ್‌ಗೆ ಮೊದಲು ನಾಚಿಕೆಯಾಯಿತು. ಪರರ ಎದುರಿಗೆ ಕಣ್ಣು ಮುಚ್ಚುವುದು ಹೇಗೆಂದು ತಿಳಿಯದೆ ಸೂರು ನೋಡಿದರು.

“ಯಾವ ಮಗ್ಗುಲಾದ್ರೂ ಆಗಬಹುದು ಸಾರ್,” ಎಂದ ವೀಕ್ಷಕ, ಧೈರ್ಯ ತುಂಬುವ ದನಿಯಲ್ಲಿ. “ನಿಯಮದಲ್ಲಿ ಮಗ್ಗುಲು ಹೇಳಿಲ್ಲ.”

ಕ್ಯಾಪ್ಟನ್ ಗೋಡೆಯ ಕಡೆ ತಿರುಗಿದರು. ಹೆಂಡತಿ ಕಿಟಕಿಯ ಪರದೆ ಎಳೆದರು. ಸ್ವಲ್ಪ ಹೊತ್ತಿಗೆಲ್ಲ ಆ ಮನೆ ಬಹಳ ಕಾಲದಿಂದ ಮರೆತಿದ್ದ ಒಂದು ಗೊರಕೆ ಹೊರಟಿತು. ಹೆಂಡತಿ ಬಾಗಿಲಿಗೆ ಒರಗಿ ಅದನ್ನೇ ಕೇಳುತ್ತ ನಿಂತರು. ಹಿಂದೆ ಅದನ್ನು ಎಷ್ಟು ಬೈದಿದ್ದರೋ! ಈಗ ಅವರ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಸಕ್ಕರೆ ಕೇಳಲು ಖಾಲಿ ಬಟ್ಟಲು ಹಿಡಿದು ಬಾಗಿಲಿಗೆ ಬಂದರು. ಹೊರಗಿದ್ದ ಅಪರಿಚಿತ ಶೂಗಳನ್ನು ನೋಡಿ ಹುಬ್ಬೇರಿಸಿದರು.

“ಯಾರೋ ನೆಂಟರು ಬಂದಿರೋ ಹಾಗಿದೆ?”

“ನೆಂಟರಲ್ಲ ಕಣ್ರೀ, ಕಂಪನಿಯವರು. ನಮ್ಮನೆಯವರು ಮಲಗೋದನ್ನ ನೋಡೋಕೆ ಬಂದಿದಾರೆ.”

“ಹೌದಾ!” ಪಕ್ಕದ ಮನೆಯಾಕೆ ಬಟ್ಟಲನ್ನು ಎದೆಗೊತ್ತಿಕೊಂಡು ನಿಟ್ಟುಸಿರು ಬಿಟ್ಟರು. “ಪುಣ್ಯ ಮಾಡಿದೀರಿ ಬಿಡಿ. ನಮ್ಮವರನ್ನ ಮೊನ್ನೆ ಆಸ್ಪತ್ರೆಗೆ ಸೇರಿಸಿದ್ರೂ ಅವರ ಕಂಪನಿಯವರು ಬಂದು ನೋಡಲಿಲ್ಲ.” ಆಮೇಲೆ ದನಿ ತಗ್ಗಿಸಿ ಕೇಳಿದರು, “ಹೇಗೆ ಮಲಗ್ತಿದಾರೆ?”

ಹೆಂಡತಿ ತಿರುಗಿ ಕೋಣೆಯ ಕಡೆ ನೋಡಿದರು. ವೀಕ್ಷಕ ಸ್ಟೂಲಿನ ಮೇಲಿಂದ ಏಳದೆ, ತುಟಿಯ ಮೇಲೆ ಬೆರಳಿಟ್ಟು, ಚೆನ್ನಾಗಿ ಮಲಗಿದ್ದಾರೆ ಎಂದು ತಲೆಯಾಡಿಸಿದ.

ಪಕ್ಕದ ಮನೆಯಾಕೆಗೆ ಸಮಾಧಾನವಾಯಿತು. ಸಕ್ಕರೆ ತೆಗೆದುಕೊಂಡು ತುದಿಗಾಲಲ್ಲಿ ಹೊರಟುಹೋದರು.